ಕಮೋಡಿನ ಪಕ್ಕದ ಕಿಟಕಿ

“ಮೇಡಂ, ನಾ ಕಮೋಡ್ ಕಡೆ ನಿಂತೇನ್ರಿ. ಇಲ್ಲಿಂದ ನಿಮ್ಮ ಮನಿ ಯಾ ಬಾಜೂಕ ಬರತೈತ್ರಿ?”

ಪಾರ್ಸೆಲ್ ತರುವವರಿಂದ ನನಗೆ ಬರುವ ಕರೆಗಳೆಲ್ಲ ಹೀಗೇ ಶುರುವಾಗುತ್ತವೆ. ನಮ್ಮ ಮನೆಗೆ ನಂಬರಿದೆ, ಓಣಿಗೆ ಹೆಸರಿದೆ, ಗೇಟಿನ ಮೇಲೆ ಅಪ್ಪ ಹಿತ್ತಾಳೆ ಅಕ್ಷರಗಳಲ್ಲಿ ಕೂರಿಸಿದ ‘ಶಾಂತಿ ನಿಲಯ’ ಎಂಬ ಸುಳ್ಳೂ ಇದೆ. ಆದರೆ ಅನಗೋಳದ ಈ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುವ ಗುರುತು ಒಂದೇ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ, ನಮ್ಮ ಆಯಿಯ ಕೋಣೆಯ ಕಿಟಕಿಗೆ ಎದುರಾಗಿ, ತಿಳಿ ನೀಲಿ ಬಣ್ಣದ ಒಂದು ಕಮೋಡು ಮುಚ್ಚಳ ಸಮೇತ ಕುಳಿತಿದೆ. ಬಿಸಿಲಿಗೆ ಹೊಳೆಯುತ್ತದೆ. ಮಳೆಗಾಲದಲ್ಲಿ ಮೈ ತೊಳೆದುಕೊಂಡು ಇನ್ನಷ್ಟು ಹೊಳೆಯುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದು ಓಣಿಯ ಯಾರಿಗೂ ತಿಳಿಯದು. ಎದುರು ಮನೆಯ ನಿವೃತ್ತ ಮಾಸ್ತರರ ಪ್ರಕಾರ ಅದು ಹೊರಗಿನವರ ಕೆಲಸ, ಬಹುಶಃ ದೂರದವರ ಕೆಲಸ. ಅವರ ಹೊಸ ಬಾತ್‌ರೂಮಿನಲ್ಲಿ ಉಳಿದಿರುವ ಹಳೆಯ ಟೈಲ್ಸು ತಿಳಿ ನೀಲಿ ಬಣ್ಣದ್ದು ಎಂಬುದನ್ನು ನಾನು ಸುಮ್ಮನೆ ಹೇಳುತ್ತಿದ್ದೇನೆ, ಅದರಿಂದ ಯಾವ ತೀರ್ಮಾನಕ್ಕೂ ಬರುತ್ತಿಲ್ಲ.

ಇಷ್ಟೆಲ್ಲ ಆದಮೇಲೂ ಅದನ್ನೇಕೆ ಅಲ್ಲಿಂದ ಎತ್ತಿಸಿಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಾನು ಕಾಲೇಜಿನ ಚರ್ಚಾ ತಂಡದಲ್ಲಿ ತಯಾರಾದವಳು. ಅಲ್ಲಿ ಚೀಟಿ ಎತ್ತುತ್ತಾರೆ. ‘ಪರ’ ಬಂದರೆ ಪರವಾಗಿ ಮಾತನಾಡಬೇಕು, ‘ವಿರೋಧ’ ಬಂದರೆ ವಿರೋಧವಾಗಿ. ದೇವರಿದ್ದಾನೆ ಎಂದು ಬೆಳಿಗ್ಗೆ ಗೆದ್ದು, ಇಲ್ಲವೆಂದು ಮಧ್ಯಾಹ್ನ ಗೆದ್ದು, ಸಂಜೆಯ ಚಹಾದ ಹೊತ್ತಿಗೆ ಎರಡನ್ನೂ ನಂಬದ ಸ್ಥಿತಿಗೆ ಬಂದವಳು ನಾನು. ಅಂಥ ನಾನು ಈ ಕಮೋಡಿನ ವಿರುದ್ಧ ವಾದಿಸಿ ಸೋತಿದ್ದೇನೆ. ಎದುರಾಳಿ ಬಾಯಿಯನ್ನೇ ತೆರೆಯಲಿಲ್ಲ.

ಆದರೆ ಕಮೋಡಿಗಿಂತ ಮೊದಲು ಕಿಟಕಿಯ ವಿಷಯ ಹೇಳಬೇಕು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳ ಕೋಣೆಗೆ ಇರುವುದು ಒಂದೇ ಕಿಟಕಿ, ಅದು ತೆರೆಯುವುದು ಆ ಖಾಲಿ ಜಾಗಕ್ಕೆ. ನಾನು ಸಣ್ಣವಳಿದ್ದಾಗ ಅದು ನಿಜವಾಗಿ ಖಾಲಿಯಾಗಿತ್ತು. ಒಂದು ಬೋರೆ ಹಣ್ಣಿನ ಗಿಡ, ಅದರ ಮುಳ್ಳು, ಮುಳ್ಳಿಗೆ ಸಿಕ್ಕಿದ ನಮ್ಮ ಗಾಳಿಪಟಗಳು, ಇಷ್ಟೇ ಅದರ ಆಸ್ತಿ. ಉಳಿದದ್ದೆಲ್ಲ ನಮ್ಮ ಕ್ರಿಕೆಟ್ಟಿನ ಮೈದಾನ. ಆಯಿ ಕಿಟಕಿಯೊಳಗೆ ಕುಳಿತು ಅವರೆಕಾಯಿ ಸುಲಿಯುತ್ತಾ ಅಂಪೈರ್ ಆಗಿರುತ್ತಿದ್ದಳು. ಅವಳಿಗೆ ಎಲ್‌ಬಿಡಬ್ಲ್ಯೂ ಗೊತ್ತಿರಲಿಲ್ಲ, ನೋಬಾಲ್ ಗೊತ್ತಿರಲಿಲ್ಲ. ಯಾರು ಬಹಳ ಹೊತ್ತು ಆಡಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಹಾಗೆ ಬಹಳ ಹೊತ್ತು ಆಡಿದವರ ಮೇಲೆ ಅವಳಿಗೆ ಬೇಸರ ಬಂದಾಗ ಕಿಟಕಿಯ ಸರಳುಗಳ ನಡುವಿನಿಂದ ಒಂದು ಬೆರಳು ಹೊರಬರುತ್ತಿತ್ತು. ಬೆರಳು ಎದ್ದಿತೆಂದರೆ ಔಟು.

“ಆಯಿ, ಬಾಲ್ ನನಗ ಹತ್ತೇ ಇಲ್ಲ, ವಿಕೆಟ್ಟಿಗೂ ಹತ್ತಿಲ್ಲ. ನಾ ಹೆಂಗ ಔಟು?” ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

“ಆ ಹುಡುಗಿ ಆವಾಗಿಂದ ಕಾಯಾಕತ್ತೈತಿ. ನೀ ಇನ್ನ ಸಾಕು, ಔಟು.”

ನನ್ನ ವಾದದ ಶಿಕ್ಷಣ ಶುರುವಾದದ್ದು ಆ ಕಿಟಕಿಯ ಕೆಳಗೆ. ಆಮೇಲೆ ಕಾಲೇಜಿನಲ್ಲಿ ಎಷ್ಟೋ ತೀರ್ಪುಗಾರರನ್ನು ಕಂಡೆ. ಕಾರಣ ಕೊಡದೆ ಸರಿಯಾದ ತೀರ್ಪು ಕೊಡುವವರನ್ನು ಮತ್ತೆ ಕಾಣಲಿಲ್ಲ.

ನಾವು ದೊಡ್ಡವರಾದೆವು, ಆಟ ನಿಂತಿತು, ಕಸ ಶುರುವಾಯಿತು. ಆ ಜಾಗದ ಸುತ್ತ ಗೋಡೆಯಿದೆ. ರಸ್ತೆಯ ಬದಿಯ ಗೋಡೆ ಒಂದು ಮಳೆಗಾಲದಲ್ಲಿ ಕುಸಿದು ಕಿಂಡಿಯಾಯಿತು, ಓಣಿಗೆ ಬೇಕಾದದ್ದೂ ಅಷ್ಟೇ. ಮೊದಲು ಯಾರದೋ ಮನೆ ಒಡೆದ ಇಟ್ಟಿಗೆ ಚೂರು ಬಂತು. ಅದರ ಮೇಲೆ ಹತ್ತಿ ಉದುರುವ ಗಾದಿ, ಕಾಲಿಲ್ಲದ ಕುರ್ಚಿ, ಅಮಾವಾಸ್ಯೆಗೆ ದೃಷ್ಟಿ ತೆಗೆದು ಒಗೆದ ಕುಂಬಳಕಾಯಿ. ನಮ್ಮ ಜನರ ಸ್ವಭಾವ ನಿಮಗೂ ಗೊತ್ತು. ಸ್ವಚ್ಛವಾದ ಜಾಗದಲ್ಲಿ ಒಂದು ಕಾಗದ ಒಗೆಯಲು ಕೈ ಹಿಂಜರಿಯುತ್ತದೆ, ಒಂದು ಗಾದಿ ಬಿದ್ದಿದ್ದರೆ ಇನ್ನೊಂದು ಗಾದಿ ಒಗೆಯುವುದು ಅದಕ್ಕೆ ಜೊತೆ ಕೊಟ್ಟ ಹಾಗೆ. ಔಡಲ ಗಿಡಗಳು ಎದ್ದವು. ಬೋರೆ ಗಿಡ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಮೋಡು ಬಂತು.

ಒಂದು ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಹೆಗ್ಗಣ ಕುಳಿತು ಆಯಿಯನ್ನೇ ನೋಡುತ್ತಿತ್ತು. ಆಯಿ ಹೆದರಲಿಲ್ಲ, ತಿರುಗಿ ನೋಡುತ್ತ ಕುಳಿತಿದ್ದಳು. ಹೆದರಿದವನು ಅಪ್ಪ. ಅವತ್ತೇ ಪ್ಲೈವುಡ್ ಹಲಗೆ ತಂದು, ಮೂಗಿಗೆ ಟವೆಲ್ ಕಟ್ಟಿಕೊಂಡು, ಹೊರಗಿನಿಂದ ಕಿಟಕಿಗೆ ಮೊಳೆ ಹೊಡೆದುಬಿಟ್ಟ. ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರು. ಅಪಾಯ ಕಂಡಲ್ಲಿ ಮೊದಲು ಮುಚ್ಚಿ ಆಮೇಲೆ ವಿಚಾರ ಮಾಡುವುದು ಅವನ ಪದ್ಧತಿ.

ಆಯಿಗೆ ಹಗಲಿನಲ್ಲೂ ದೀಪ ಹಾಕಬೇಕಾಯಿತು. ಮೊಳಕಾಲು ನೋವಿನಿಂದ ಅವಳು ಹೊರಗೆ ಓಡಾಡುವುದು ಕಡಿಮೆ. ಗಾಳಿ, ಬೆಳಕು, ದಾರಿಯ ಜನ, ಹೊತ್ತು ಎಷ್ಟಾಯಿತೆಂಬ ಅಂದಾಜು, ಎಲ್ಲವೂ ಆ ಕಿಟಕಿಯಿಂದಲೇ ಅವಳಿಗೆ ಬರುತ್ತಿತ್ತು. ಟಿವಿ ತಂದಿಟ್ಟೆವು. “ಅದರಾಗಿನವ್ರು ನಾ ಮಾತಾಡಿಸಿದ್ರ ಮಾತಾಡ್ತಾರೇನು?” ಎಂದು ತಿರುಗಿಸಿ ಗೋಡೆಗೆ ಮುಖ ಮಾಡಿಟ್ಟಳು. ಊಟ ಕಡಿಮೆ ಮಾಡಿದಳು, ಆಮೇಲೆ ಮಾತು. ಒಂದು ದಿನ ಅಪ್ಪನಿಗೆ ಹೇಳಿದಳು:

“ಜೀವಂತ ಇರೂತನಕ ಖಿಡಕಿ ತಗದ ಇಡಬೇಕಪಾ. ಹಲಗಿ ಹೊಡಿಯೂದು ಆಮ್ಯಾಲ.”

ಅಪ್ಪ ಮುಖ ತಿರುಗಿಸಿಕೊಂಡು ಬ್ಯಾಂಕಿಗೆ ಹೋದ. ಪ್ರಕರಣ ನಾನು ತೆಗೆದುಕೊಂಡೆ.

ಮೊದಲ ಹೆಜ್ಜೆಯಾಗಿ ಒಂದು ಬೋರ್ಡು ಬರೆಸಿ ಕಿಂಡಿಯ ಬಳಿ ನಿಲ್ಲಿಸಿದೆ. ‘ಇಲ್ಲಿ ಕಸ ಒಗೆಯಬಾರದು.’ ಚಿಕ್ಕದು, ಚೊಕ್ಕದು. ಮಾಸ್ತರರು ಬಂದು ಓದಿ ತಲೆ ಅಲ್ಲಾಡಿಸಿದರು.

“ಬರೇ ಕನ್ನಡದಾಗ ಬರಿಸೀಯಲ್ಲ. ಮರಾಠಿ ಮಂದಿ ಇದು ನಮಗ ಹೇಳಿದ್ದಲ್ಲ ಅಂತ ತಿಳಕೊಂಡು ಒಗೀತಾರ.”

ಮರಾಠಿಯಲ್ಲಿ ಕೆಳಗೆ ಬರೆಸಿದೆ. ಹಾಲು ಹಾಕುವವರು ನಿಂತು ಓದಿ, ನಮ್ಮ ಭಾಷೆ ಕೆಳಗೇಕೆ ಎಂದು ಕೇಳಿದರು. ಅವರು ಸಿಟ್ಟಿನಿಂದ ಕೇಳಲಿಲ್ಲ, ನನ್ನ ಉತ್ತರ ಹೇಗಿರುತ್ತದೋ ನೋಡೋಣ ಎಂಬಂತೆ ಕೇಳಿದರು. ಬೋರ್ಡನ್ನು ಅಗಲ ಮಾಡಿಸಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿದೆ. ಈಗ ಎಡಗಡೆ ಯಾವುದಿರಬೇಕು ಎಂಬ ಪ್ರಶ್ನೆ ಎದ್ದಿತು, ಏಕೆಂದರೆ ಬಸ್‌ಸ್ಟಾಪಿನಿಂದ ಬರುವವರಿಗೆ ಎಡಗಡೆಯದು ಮೊದಲು ಕಾಣುತ್ತದೆ. ಗುಡಿಯ ಕಡೆಯಿಂದ ಬರುವವರಿಗೆ ಬಲಗಡೆಯದು ಮೊದಲು ಕಾಣುತ್ತದೆ ಎಂದು ನಾನು ವಾದಿಸಿದೆ. ಗುಡಿಗಿಂತ ಬಸ್‌ಸ್ಟಾಪಿಗೆ ಮಂದಿ ಹೆಚ್ಚು ಎಂದು ಇಬ್ಬರೂ ಹೇಳಿದರು. ಕೊನೆಗೆ ಕನ್ನಡ, ಮರಾಠಿ, ಮತ್ತೆ ಕನ್ನಡ, ಮತ್ತೆ ಮರಾಠಿ ಎಂದು ಬರೆಸಿ ಯಾರು ಎಲ್ಲಿಂದ ಬಂದರೂ ನ್ಯಾಯ ಸಿಗುವ ಹಾಗೆ ಮಾಡಿದೆ. ಎಲ್ಲರಿಗೂ ಒಪ್ಪಿಗೆಯಾಯಿತು. ಬೋರ್ಡು ಈಗ ಎಷ್ಟು ಉದ್ದವಾಗಿತ್ತೆಂದರೆ ಕಿಂಡಿಯನ್ನು ರಸ್ತೆಯಿಂದ ಪೂರ್ತಿ ಮರೆಮಾಡಿತು. ಅದುವರೆಗೆ ಆಚೀಚೆ ನೋಡಿ ಅವಸರದಲ್ಲಿ ಕಸ ಒಗೆಯುತ್ತಿದ್ದವರು ಈಗ ಬೋರ್ಡಿನ ಹಿಂದೆ ಹೋಗಿ, ನಿಧಾನವಾಗಿ, ಮರ್ಯಾದೆಯಿಂದ ಒಗೆಯತೊಡಗಿದರು.

ಎರಡನೆಯ ಹೆಜ್ಜೆಯಾಗಿ ಪಾಲಿಕೆಯ ಕಚೇರಿಗೆ ಹೋದೆ. ನಾನು ಹಿಂದಿನ ದಿನವೇ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ ಭಾಷಣವನ್ನು ಅಲ್ಲಿಯ ಅಧಿಕಾರಿ ಅರ್ಧಕ್ಕೆ ನಿಲ್ಲಿಸಿ, ಕುರ್ಚಿ ತೋರಿಸಿ, “ಕುಂದರ್ರಿ. ನೀವು ಹೇಳೂದು ಬರೋಬ್ಬರಿ ಐತಿ. ಮಾಲಕರಿಗೆ ನೋಟಿಸ್ ಕೊಡೂಣು. ಮಾಲಕರು ಯಾರು?” ಎಂದರು. ವಾದಕ್ಕೆ ಬಂದವಳಿಗೆ ಎದುರಿನವರು ಒಪ್ಪಿಬಿಟ್ಟರೆ ಆಗುವ ಸಂಕಟ ಹೇಳತೀರದು. ನನ್ನ ಬಳಿ ಹನ್ನೆರಡು ನಿಮಿಷದ ಖಂಡನೆ ಇತ್ತು, ಮಾಲೀಕರ ಹೆಸರು ಇರಲಿಲ್ಲ.

ಮನೆಗೆ ಬಂದು ಕೇಳಿದರೆ ಅಪ್ಪ ಪೇಪರಿನಲ್ಲಿ ಮುಖ ಹುದುಗಿಸಿದ. ಒಳಗಿನಿಂದ ಆಯಿಯ ದನಿ ಬಂತು.

“ಖಾನಾಪುರದ ಬಾಳು ಭಾವಜಿ ಜಾಗಾ ಅದು. ನಿಮ್ಮಪ್ಪಗ ಗೊತ್ತಿಲ್ಲೇನು? ಅವರ ಹೆಗಲ ಮ್ಯಾಲ ಕುಂತು ಬೆಳದಾನ.”

ಕಥೆ ಹೀಗಿತ್ತು. ನನ್ನ ಅಜ್ಜ ಮತ್ತು ಬಾಳು ಕಾಕಾ ಖಾನಾಪುರದಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳವರು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಮರಾಠಿ, ಜಗಳಕ್ಕೆ ಎರಡೂ. ಇಬ್ಬರೂ ಬೆಳಗಾವಿಯ ಒಂದೇ ಆಫೀಸಿನಲ್ಲಿ ಗುಮಾಸ್ತರು, ಒಂದೇ ರೈಲಿನಲ್ಲಿ ಬಂದು ಹೋಗುವವರು. ಬೆಳಗಾವಿಯಲ್ಲೂ ನೆರೆಯವರಾಗಿಯೇ ಇರಬೇಕೆಂದು ಅನಗೋಳದಲ್ಲಿ ಪಕ್ಕಪಕ್ಕದ ಜಾಗ ಕೊಂಡರು. ಅಜ್ಜ ಮನೆ ಕಟ್ಟಿದ. ಬಾಳು ಕಾಕಾ ಅಡಿಪಾಯದ ಮುಹೂರ್ತ ನೋಡುವ ಹೊತ್ತಿಗೆ ಅವರ ಹೆಂಡತಿ ಸುಮನ ಕಾಕು, ಎಮ್ಮೆಯನ್ನು ಬಿಟ್ಟು ಪೇಟೆಗೆ ಬರುವುದಿಲ್ಲ ಎಂದುಬಿಟ್ಟರು. ಆ ಎಮ್ಮೆ ಸತ್ತ ಮೇಲೆ ನೋಡೋಣ ಎಂದು ಕಾಕಾ ಕಾದರು. ಅಷ್ಟರಲ್ಲಿ ಅದರ ಕರು ಎಮ್ಮೆಯಾಗಿತ್ತು. ಆ ಜಾಗ ಖಾಲಿ ಉಳಿದದ್ದಕ್ಕೆ ನಗರ ಯೋಜನೆಯಲ್ಲಿ ಎಲ್ಲಿಯೂ ನಮೂದಾಗದ ಕಾರಣ ಅದು.

ಅಜ್ಜ ಎರಡೂ ಜಾಗಕ್ಕೆ ಸೇರಿಸಿ ಗೋಡೆ ಕಟ್ಟಿಸಿದ್ದ. ಕಾಕಾನ ಜಾಗದ ಗೇಟು ನಮ್ಮ ಅಂಗಳದಲ್ಲಿದೆ, ಅದರ ಕೀಲಿಕೈ ನಮ್ಮ ಬಳಿ. ಖಾನಾಪುರದಲ್ಲಿ ನಮ್ಮ ಹಳೆಯ ಮನೆಯ ಕೀಲಿಕೈ ಕಾಕಾನ ಬಳಿ. ಅವರದನ್ನು ನಾವು ನೋಡಿಕೊಳ್ಳುವುದು, ನಮ್ಮದನ್ನು ಅವರು. ಕೊಟ್ಟ ಕೀಲಿಕೈಯನ್ನು ಯಾರೂ ವಾಪಸ್ ಕೇಳುವಂತಿಲ್ಲ. ಕೇಳಿದರೆ ನಿನ್ನ ಮೇಲೆ ಭರವಸೆ ಹೋಯಿತು ಎಂದು ಹೇಳಿದಂತೆ. ಅಜ್ಜ ಹೋದ ಮೇಲೆ ಒಮ್ಮೆ ಕಾಕಾ ಫೋನ್ ಮಾಡಿ ನಿಮ್ಮ ಮನೆಯ ಹಂಚು ಬೀಳುತ್ತಿವೆ ಎಂದರಂತೆ. ಅಪ್ಪ, ನಿಮ್ಮ ಜಾಗದ ಗೋಡೆ ಬಿದ್ದು ವರ್ಷವಾಯಿತಲ್ಲ ಎಂದನಂತೆ. ಫೋನು ಇಟ್ಟವರು ಮತ್ತೆ ಎತ್ತಿರಲಿಲ್ಲ.

ಖಾನಾಪುರದಲ್ಲಿ ನಮಗೊಂದು ಮನೆ ಇನ್ನೂ ಇದೆ ಎಂಬುದು ನನಗೆ ಗೊತ್ತಾದದ್ದೇ ಅವತ್ತು. ಅದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಪೀಠಿಕೆ ತಯಾರಾಗುತ್ತಿತ್ತು.

ಮುಂದಿನ ರಜೆಗೆ ಖಾನಾಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅಂಶಗಳನ್ನು ಜೋಡಿಸಿಕೊಂಡೆ. ಒಂದು, ಆಸ್ತಿ ಎಂಬುದು ಹಕ್ಕಷ್ಟೇ ಅಲ್ಲ, ಹೊಣೆ ಕೂಡ. ಎರಡು, ನೆರೆಯವರ ಉಸಿರಾಟದ ಸ್ವಾತಂತ್ರ್ಯ. ಮೂರು, ಒಬ್ಬ ವೃದ್ಧೆಯ ಕಿಟಕಿ. ಮೂರನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುವುದು.

ಕಾಕಾನ ಓಣಿಯಲ್ಲಿ ಇಳಿದು ನಡೆದರೆ ಒಂದು ಮನೆ ನನ್ನ ಕಣ್ಣಿಗೆ ಬಿತ್ತು. ಮಾಡಿನ ಅರ್ಧ ಕುಳಿತಿತ್ತು, ಬಾಗಿಲಿಗೆ ಬಳ್ಳಿ ಹಬ್ಬಿತ್ತು, ಪಕ್ಕದ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಬಾಜೂಕಿನವರ ಕೊಟ್ಟಿಗೆಯ ಮೇಲೆ ವಾಲಿತ್ತು. ಮಾಡಿನ ಮೇಲೆ ಮಂಗಗಳ ಒಂದು ಕುಟುಂಬ ಹೇನು ನೋಡಿಕೊಳ್ಳುತ್ತಿತ್ತು. ಒಳ್ಳೆಯ ಉದಾಹರಣೆ ಸಿಕ್ಕಿತು ಎಂದು ಖುಷಿಯಾಯಿತು. ಭಾಷಣದಲ್ಲಿ ಸೇರಿಸಲೆಂದು ಫೋಟೊ ಕೂಡ ತೆಗೆದುಕೊಂಡೆ.

ಬಾಳು ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ವಯಸ್ಸಾದರೂ ಬೆನ್ನು ನೆಟ್ಟಗೆ, ಮೀಸೆ ಇನ್ನೂ ನೆಟ್ಟಗೆ. ನಾನು ಯಾರೆಂದು ಹೇಳಿಕೊಂಡೆ.

“ಯೇ ಪೋರಿ, ಯೇ. ಬಸ,” ಎಂದು ಜಾಗ ಮಾಡಿಕೊಟ್ಟರು. “ವೈನಿ ಹೆಂಗದಾರ?” ಎಂದು ಆಯಿಯನ್ನು ವಿಚಾರಿಸಿದರು.

“ಕತ್ತಲ್ಯಾಗ ಅದಾರ್ರಿ, ನಿಮ್ಮ ಕೃಪಾ,” ಎಂದು ಪೀಠಿಕೆಯಿಂದಲೇ ಶುರು ಮಾಡಿದೆ. ಹೆಗ್ಗಣ, ಗಾದಿ, ಕಮೋಡು, ಪ್ಲೈವುಡ್ಡು. ಕಾಕಾ ನಡುವೆ ಬಾಯಿ ಹಾಕಲಿಲ್ಲ. ಒಳ್ಳೆಯ ಶ್ರೋತೃ. “ಇನ್ನ, ಹಿಂಗ ಬಿಟ್ಟ ಜಾಗಾದಿಂದ ಬಾಜೂಕಿನವ್ರಿಗೆ ಏನೇನ ತ್ರಾಸ ಆಗತೈತಿ ಅನ್ನಾಕ ನಿಮ್ಮ ಓಣ್ಯಾಗ ಒಂದು ಉದಾಹರಣಿ ಐತ್ರಿ,” ಎಂದು ಮೊಬೈಲಿನ ಫೋಟೊ ತೋರಿಸಿದೆ.

ಕಾಕಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಫೋಟೊ ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು, “ಸುಮನ, ಹೊರಗ ಬಾ. ಮಾಲಕರು ಬಂದಾರ.”

ಸುಮನ ಕಾಕು ಸೆರಗಿಗೆ ಕೈ ಒರೆಸುತ್ತ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಬಂದೀಯೇನವಾ? ನಿಮ್ಮ ಮನ್ಯಾಗ ಇರೂ ಮಂಗ್ಯಾಗೋಳ ಕಡೆ ಬಾಡಿಗಿ ವಸೂಲ್ ಮಾಡಾಕ ಬಂದೀಯೋ, ಹೆಂಗ?”

ನಾನು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ಕಾಕು ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ವಾಲಿದ ಗೋಡೆಯ ಕೆಳಗೆ ಎಮ್ಮೆ ಕಿವಿ ಹಿಂದಕ್ಕೆ ಮಾಡಿ ನಿಂತಿತ್ತು.

“ಇದು ಹಾಲ ಕೊಡವಲ್ದು. ಹಿಂಡಾಕ ಕುಂತ್ರ ಸಾಕು, ಮ್ಯಾಲಿಂದ ಒಂದು ಹಂಚು ಒಗೀತಾವ. ಎಮ್ಮಿ ಒದೀತೈತಿ, ಚರಗಿ ಬೀಳತೈತಿ. ಗೋಡಿ ಯಾವಾಗ ಬೀಳತೈತೋ ದೇವರಿಗೇ ಗೊತ್ತು. ನಿಮ್ಮಾಯಿ ಖಿಡಕಿ ಅಂತೀಯಲ್ಲ, ಇದರ ಜೀವಂದು ಯಾರು ಕೇಳ್ತಾರ?”

ನಾನು ತಂದಿದ್ದ ಮೂರೂ ಅಂಶಗಳನ್ನು ಕಾಕಾ ಒಂದೊಂದಾಗಿ ತಿರುಗಿಸಿ ನನ್ನ ಮೇಲೆಯೇ ಬಿಟ್ಟರು. ಆಸ್ತಿ ಎಂದರೆ ಹೊಣೆ ಅಲ್ಲವೇ? ಹೌದು. ನೆರೆಯವರ ಸ್ವಾತಂತ್ರ್ಯ? ಹೌದು. ವೃದ್ಧೆ? ಎಮ್ಮೆಯ ಲೆಕ್ಕದಲ್ಲಿ ಅದೂ ವೃದ್ಧೆಯೇ. ಚೀಟಿ ಎತ್ತದೆಯೇ ನಾನು ಎರಡೂ ಪಕ್ಷದಲ್ಲಿ ನಿಂತಿದ್ದೆ, ಎರಡರಲ್ಲೂ ಸೋಲುತ್ತಿದ್ದೆ.

“ಹಂಗಾರ ನೀವು ಮೊದಲ ನಿಮ್ಮ ಜಾಗಾ ಸ್ವಚ್ಛ ಮಾಡ್ರಿ, ಆಮ್ಯಾಲ ನಾವು,” ಎಂದೆ.

“ಅಸಂ ಕಾ? ಹಂಚು ಮೊದಲ ಬಿದ್ದಾವು. ಮೊದಲ ನೀವು.”

“ಗೋಡಿ ಮೊದಲ ಬಿದ್ದೈತ್ರಿ.”

“ಹಂಚು.”

ಇದು ಬೋರ್ಡಿನ ದಾರಿಯನ್ನೇ ಹಿಡಿಯುತ್ತಿರುವುದು ಕಂಡು ನಾನು ಒಂದು ಸೂತ್ರ ಮುಂದಿಟ್ಟೆ. ನನಗೆ ಈಗಲೂ ಆ ಸೂತ್ರದ ಬಗ್ಗೆ ತಾತ್ವಿಕವಾಗಿ ಅಭಿಮಾನವಿದೆ. ಯಾರೂ ಮೊದಲಲ್ಲ, ಯಾರೂ ಆಮೇಲಲ್ಲ. ಬರುವ ಭಾನುವಾರ ಬೆಳಿಗ್ಗೆ, ಒಂದೇ ಹೊತ್ತಿಗೆ, ಅವರು ಅನಗೋಳಕ್ಕೆ ಬಂದು ಅವರ ಜಾಗ ಸ್ವಚ್ಛ ಮಾಡಬೇಕು, ನಾವು ಖಾನಾಪುರಕ್ಕೆ ಬಂದು ನಮ್ಮ ಮನೆ. ಕಾಕಾ ಮೀಸೆ ಮುಟ್ಟಿಕೊಂಡು ಒಪ್ಪಿದರು. ಅಪ್ಪನೂ ಒಪ್ಪಿದ. ಮಗಳು ಓದಿದ್ದು ವ್ಯರ್ಥವಾಗಲಿಲ್ಲ ಎಂದು ಅವನ ಮುಖದಲ್ಲಿ ಬರೆದಿತ್ತು.

ಭಾನುವಾರ ಅವ್ವ ಶಹಾಪುರದ ತನ್ನ ತಂಗಿಯ ಮನೆಗೆ ಹೊರಟುಹೋದಳು. “ನಿಮ್ಮ ನಿಮ್ಮ ಕಸಾ ನೀವ ನೋಡ್ಕೊರಿ,” ಎಂಬುದು ಅವಳ ನಿಲುವು. ಆಯಿಗೆ ಫ್ಲಾಸ್ಕು, ರೊಟ್ಟಿ ಎಲ್ಲ ಪಕ್ಕದಲ್ಲಿಟ್ಟು, ಅಪ್ಪ ಮತ್ತು ನಾನು ಹಾರೆ, ಬುಟ್ಟಿ, ಕಾಕುಗೆ ಕೊಡಲು ಒಂದು ಡಬ್ಬಿ ಕುಂದಾ ಹಿಡಿದುಕೊಂಡು ಖಾನಾಪುರಕ್ಕೆ ಹೋದೆವು. ನಮ್ಮ ಮನೆಯ ಬಾಗಿಲ ಬಳ್ಳಿಯನ್ನು ಅಪ್ಪ ಸರಿಸಿದ. ಕೈಯಗಲದ ಹಳೆಯ ಬೀಗ ತೂಗುತ್ತಿತ್ತು. ಅಪ್ಪ ಕಿಸೆಗೆ ಕೈ ಹಾಕಿ ಕೀಲಿಕೈ ತೆಗೆದ. ಅದನ್ನೇ ನೋಡಿದ. ನಾನೂ ನೋಡಿದೆ. ಅದು ಕಾಕಾನ ಗೇಟಿನ ಕೀಲಿಕೈ.

ಅಷ್ಟರಲ್ಲಿ ಅಪ್ಪನ ಫೋನು ಹೊಡೆದುಕೊಂಡಿತು, ಅಪ್ಪ ಸ್ಪೀಕರಿಗೆ ಹಾಕಿದ. ಅಷ್ಟು ವರ್ಷಗಳ ಮೇಲೆ ಕಾಕಾ ಮತ್ತು ಅಪ್ಪನ ಮೊದಲ ಮಾತು ಇದು:

“ಎಲ್ಲಿದ್ದೀಯೋ?”

“ನಿಮ್ಮ ಮನಿ ಬಾಜೂಕ, ಕಾಕಾ. ನೀವೆಲ್ಲಿದ್ದೀರಿ?”

“ನಿಮ್ಮ ಮನಿ ಬಾಜೂಕ.”

“ಕೀಲಿಕೈ?”

“ನನ್ನ ಉಡದಾರದಾಗ ಐತಿ. ನಂದು?”

“ನನ್ನ ಕಿಸೇದಾಗ.”

ಹೊರಡುವ ಮೊದಲೇ ಕೇಳಬೇಕಾಗಿದ್ದ ಕೀಲಿಕೈಯನ್ನು ಮರ್ಯಾದೆಗಾಗಿ ಯಾರೂ ಕೇಳಿರಲಿಲ್ಲ, ಸೂತ್ರ ಮಾಡಿದವಳಿಗೆ ನೆನಪೇ ಆಗಿರಲಿಲ್ಲ. ನಾನು ಫೋನಿಗೆ ಬಾಯಿ ಕೊಟ್ಟು, ಇಬ್ಬರೂ ನಡುವಿನ ದೇಸೂರಿಗೆ ಬಂದು ಕೀಲಿಕೈ ಬದಲಾಯಿಸಿಕೊಂಡು ವಾಪಸ್ ಹೋಗುವುದು ಸಮದೂರದ ದೃಷ್ಟಿಯಿಂದ ಎಲ್ಲಕ್ಕಿಂತ ನ್ಯಾಯವಾದ ಪರಿಹಾರ ಎಂದು ವಿವರಿಸಿದೆ. ಫೋನಿನ ಆ ಕಡೆಯಿಂದ, ದೂರದಿಂದ, ಹಲಗೆಯ ಹಿಂದಿನಿಂದ ಬಂದಂಥ ಒಂದು ದನಿ ಕೇಳಿಸಿತು.

“ಭಾವಜಿ, ಓಣ್ಯಾಗಿನ ಕಸಾ ಎಲ್ಲಾ ಆ ಕಿಂಡ್ಯಾಗಿಂದ ಒಳಗ ಬಂದೈತಿ. ನಿಮಗೊಬ್ಬರಿಗೆ ಕೀಲಿಕೈ ಬೇಕಾತೇನು?”

ಇತ್ತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಸುಮನ ಕಾಕು ಏಣಿ ತೋರಿಸಿದರು. “ಮಂಗ್ಯಾ ಹೆಂಗ ಒಳಗ ಹೋಗ್ತಾವ, ಹಂಗ ನೀವೂ ಹೋಗ್ರಿ.”

ಬ್ಯಾಂಕ್ ಮ್ಯಾನೇಜರರು ತಮ್ಮ ಸ್ವಂತ ಮನೆಯನ್ನು ಮಾಡಿನಿಂದ ಪ್ರವೇಶಿಸಿದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ. ಮಂಗಗಳ ಯಜಮಾನ ಮಾಡಿನ ತುದಿಯಲ್ಲಿ ಕುಳಿತು ಹಲ್ಲು ತೋರಿಸಿದ. ಅಪ್ಪ ಏಣಿಯ ಮೇಲೆ ನಿಂತು ಕೌಂಟರಿನ ದನಿಯಲ್ಲಿ, “ಸ್ವಲ್ಪ ಸರೀರಿ, ದಯಮಾಡಿ ಸರೀರಿ,” ಎಂದ. ಯಜಮಾನ ಇಳಿದು ಬಂದು ಅಪ್ಪನ ಹೆಗಲ ಚೀಲದಿಂದ ಕುಂದಾ ಡಬ್ಬಿ ತೆಗೆದುಕೊಂಡು, ಕುಟುಂಬ ಸಮೇತ ಹಿಂದಿನ ಮಾವಿನ ಮರಕ್ಕೆ ಹೋದ. ಹಾಗೆ ಮನೆ ತೆರವಾಯಿತು. ನಾವು ಸಂಜೆಯವರೆಗೆ ಸಡಿಲ ಹಂಚುಗಳನ್ನು ಇಳಿಸಿ, ವಾಲಿದ ಗೋಡೆಯ ಮೇಲಿನ ಸಾಲುಗಳನ್ನು ಬಿಚ್ಚಿದೆವು. ಅರ್ಧ ಗೋಡೆ ಉಳಿಯಿತು. ಎಮ್ಮೆ ಕಿವಿ ಮುಂದಕ್ಕೆ ಮಾಡಿತು. ಕಾಕು ಒಂದು ಚರಗಿ ಹಿಂಡಿ, ಚೆಲ್ಲದೆ ಒಳಗೆ ಒಯ್ದರು. ಶಹಬ್ಬಾಸ್ ಎನ್ನಲಿಲ್ಲ. ಆ ಹಾಲಿನ ಚಹಾ ಕೊಟ್ಟರು.

ಬಸ್ ಇಳಿದು ಮನೆಗೆ ನಡೆಯುವಾಗ ನನಗೆ ಕುತೂಹಲವಿತ್ತು. ಕಾಕಾ ಬೆಳಗಿನಿಂದ ದುಡಿದಿದ್ದಾರೆ, ಜಾಗ ಎಷ್ಟು ಸ್ವಚ್ಛವಾಗಿರಬಹುದು?

ಗಾದಿಗಳು ಹಾಗೆಯೇ ಇದ್ದವು. ಔಡಲ ಹಾಗೆಯೇ ಇತ್ತು. ಬೋರ್ಡು ಮಾತ್ರ ನಿಂತ ಜಾಗದಲ್ಲಿರಲಿಲ್ಲ. ಕಿಂಡಿಯಿಂದ ಕಿಟಕಿಯವರೆಗೆ ಕಸದ ಮೇಲೆ ಅದನ್ನು ಸೇತುವೆಯಂತೆ ಹಾಸಿದ್ದರು. ಯಾವ ಭಾಷೆಗೂ ಕಾಲು ತಾಗಬಾರದೆಂದು ಅಕ್ಷರದ ಮುಖ ಕೆಳಗೆ ಮಾಡಿದ್ದರು. ಪ್ಲೈವುಡ್ ಹಲಗೆ ಕಿತ್ತು ಗೋಡೆಗೆ ಒರಗಿತ್ತು. ಕಿಟಕಿ ತೆರೆದಿತ್ತು. ಒಳಗೆ ಆಯಿ ಕುಳಿತಿದ್ದಳು. ಹೊರಗೆ, ಮುಚ್ಚಳ ಹಾಕಿದ ಕಮೋಡಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಳು ಕಾಕಾ ಕುಳಿತಿದ್ದರು. ಸರಳುಗಳ ನಡುವಿನಿಂದ ಚಹಾ ತುಂಬಿದ ಬಸಿ ಹೊರಬರುತ್ತಿತ್ತು.

ಅವರು ಜಗಳವಾಡುತ್ತಿದ್ದರು. ಆಯಿ ಕನ್ನಡದಲ್ಲಿ, ಕಾಕಾ ಮರಾಠಿಯಲ್ಲಿ. ಅಜ್ಜ ಹೋದಾಗ ಬಂದವರು ಆಮೇಲೆ ಒಮ್ಮೆಯೂ ಏಕೆ ಬರಲಿಲ್ಲ ಎಂಬುದು ವಿಷಯ. ಆಯಿ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಕೇಳಿ ನನಗೆ ಎಷ್ಟು ದಿನವಾಗಿತ್ತೋ. ನಮ್ಮನ್ನು ಕಂಡು ಕಾಕಾ ಎದ್ದು, ಉಡದಾರದಿಂದ ಕೀಲಿಕೈ ಬಿಚ್ಚಿ ಅಪ್ಪನ ಮುಂದೆ ಹಿಡಿದರು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

“ಇರಲಿ, ಕಾಕಾ. ನಿಮ್ಮ ಕಡೇನ ಇರಲಿ.”

ಕಾಕಾ ಅದನ್ನು ಮತ್ತೆ ಕಟ್ಟಿಕೊಂಡರು. “ಕೆಲಸಾ ಮುಗದಿಲ್ಲ,” ಎಂದು ಜಾಗದ ಕಡೆ ಕೈ ಮಾಡಿದರು. “ಬರೂ ಐತವಾರ ಬರತೇನಿ.”

ಅಂದಿನಿಂದ ಅವರು ಪ್ರತಿ ಭಾನುವಾರ ಒಂದು ಕ್ಯಾನಿನಲ್ಲಿ ಹಾಲು ಹಿಡಿದುಕೊಂಡು ಬರುತ್ತಾರೆ. ಕೊಯ್ತಾ ಕತ್ತಿಯಿಂದ ಒಂದು ಮೊಳದಷ್ಟು ಜಾಗ ಸ್ವಚ್ಛ ಮಾಡುತ್ತಾರೆ, ಆಮೇಲೆ ಕಮೋಡಿನ ಮೇಲೆ ಕುಳಿತುಕೊಳ್ಳುತ್ತಾರೆ. ಕಿಟಕಿ ತೆರೆದಿರುವುದರಿಂದ ಓಣಿಯವರು ಕಸ ಒಗೆಯಲು ಹಿಂಜರಿಯುತ್ತಾರೆ. ಆಯಿ ಹೆಸರು ಹಿಡಿದು ಕೂಗುತ್ತಾಳೆ, ಯಾರ ಚೀಲದಲ್ಲಿ ಏನಿದೆ ಎಂದೂ ಕೂಗುತ್ತಾಳೆ. ಅಪ್ಪ ಕೂಡ ಭಾನುವಾರ ಖಾನಾಪುರಕ್ಕೆ ಹೋಗುತ್ತಾನೆ. ಅವನ ಕೆಲಸವೂ ಮುಗಿಯುತ್ತಿಲ್ಲ. ಎರಡೂ ಕಡೆ ಈ ಪ್ರಮಾಣದಲ್ಲಿ ಪ್ರಗತಿಯಾದರೆ ಪೂರ್ಣಗೊಳ್ಳಲು ಎಷ್ಟು ವರ್ಷ ಬೇಕೆಂದು ನಾನು ಒಮ್ಮೆ ಊಟಕ್ಕೆ ಕುಳಿತಾಗ ಕೇಳಿದೆ. ಅವ್ವ ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊನ್ನೆ ಮತ್ತೆ ಪಾರ್ಸೆಲ್ಲಿನವರ ಫೋನು ಬಂತು. ಕಮೋಡಿನ ಬಳಿ ನಿಂತಿದ್ದೇನೆ ಎಂದರು. ನನಗೆ ಸಿಟ್ಟು ಬಂದು ನೇರ ಕಿಟಕಿಯ ಕೆಳಗೆ ಹೋಗಿ ನಿಂತೆ. ಆಯಿ ಅವರೆಕಾಯಿ ಸುಲಿಯುತ್ತಿದ್ದಳು.

“ಆಯಿ, ಇದನ್ನ ಎತ್ತಿಸ್ತೇನಿ. ಕಾಕಾಗ ಕುಂದರಾಕ ಒಂದು ಛಲೋ ಕುರ್ಚಿ ತಂದು ಇಡೂಣು.”

“ಕುರ್ಚಿ ಇಟ್ರ ಯಾರರ ಒಯ್ತಾರ. ಇದನ್ನ ಯಾರೂ ಒಯ್ಯಂಗಿಲ್ಲ.”

“ಆದ್ರ ಮಂದಿ ನಮ್ಮ ಮನೀಗೆ ಏನಂತಾರ ಗೊತ್ತೈತೇನು? ಮೊದಲನೇ ಮಾತು, ಮನೀ ಮರ್ಯಾದಿ. ಎರಡನೇದು, ಇದೂ ಕಸಾನ ಅಂದ ಮ್ಯಾಲ ಇದನ್ನ ಇಟ್ಕೊಂಡು ಉಳದದ್ದು ತಗೀರಿ ಅನ್ನೂದು ತರ್ಕಕ್ಕ ಕೂಡಂಗಿಲ್ಲ. ಮೂರನೇದು...”

ಸರಳುಗಳ ನಡುವಿನಿಂದ ಒಂದು ಬೆರಳು ಹೊರಬಂದು ಮೇಲಕ್ಕೆದ್ದಿತು.

ನಾನು ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡವಳ ಹಾಗೆ ಸುಮ್ಮನೆ ಗೇಟಿನ ಕಡೆ ನಡೆದೆ. ಪಾರ್ಸೆಲ್ಲಿನವರು ಇನ್ನೂ ಕಾಯುತ್ತಿದ್ದರು.